ಸರ್ವಿಸ್ ಬಿಲ್ಲಿನ ಹನ್ನೆರಡು ಸಾಲು: ಯಾವುದು ಗಾಡಿಗೆ, ಯಾವುದು ಶೋರೂಮಿಗೆ?



ಹೋದ ಸಲ ತೆಂಗಿನ ಕಪ್ಪು ತಲೆ ಹುಳದ ಬಗ್ಗೆ ಬರೆದಿದ್ದೆ. ಈ ಸಲ ತೋಟ ಬಿಟ್ಟು ಗಾಡಿ ಬಗ್ಗೆ ಬರೀತಿದೀನಿ. ಕಾರಣ ಇದೆ. ಮೊನ್ನೆ ಜಾವಗಲ್‌ನಲ್ಲಿ ಟೀ ಕುಡೀತಾ ನಿಂತಿದ್ದಾಗ ಪರಿಚಯದ ಹುಡುಗನೊಬ್ಬ ಮೊಬೈಲ್‌ನಲ್ಲಿ ಒಂದು ಎಸ್ಟಿಮೇಟ್ ತೋರಿಸಿ, "ಅಣ್ಣಾ, ಶೋರೂಮಿನೋರು ಹದಿನೆಂಟು ಸಾವಿರ ಹೇಳ್ತಾವ್ರೆ. ಮಾಡಿಸ್ಲೋ ಬ್ಯಾಡ್ವೋ?" ಅಂದ. ಅಲ್ಲೇ ಕೂತಿದ್ದ ನಾಲ್ಕು ಜನ, "ಏ, ಎಲ್ಲಾ ಸುಲಿಗೆ ಕಣೋ. ಆಯಿಲ್ ಒಂದು ಬದಲಾಯ್ಸಿ ಓಡಿಸ್ತಾ ಇರು" ಅಂದ್ರು. ಹುಡುಗನಿಗೆ ಖುಷಿ ಆಯ್ತು. ನನಗೆ ಆಗಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಮಾತು ನಾನೂ ಆಡಿ, ಚಾರ್ಮಾಡಿ ಘಾಟಿಯಲ್ಲಿ ಮನೆಮಂದಿ ಜೀವಕ್ಕೇ ಸಂಚಕಾರ ತಂದಿದ್ದೆ.

ಮೊದಲು ನನ್ನ ಬಿಲ್ಲು ನೋಡಿ. ನಮ್ಮದು ಸಣ್ಣ ಪೆಟ್ರೋಲ್ ಕಾರು. ಹಾಸನಕ್ಕೆ ಆಸ್ಪತ್ರೆ, ಅರಸೀಕೆರೆಗೆ ಕೊಬ್ಬರಿ ಮಾರ್ಕೆಟ್ಟು, ನೆಂಟರ ಮನೆ, ದೇವಸ್ಥಾನ, ಇಷ್ಟಕ್ಕೇ. 40 ಸಾವಿರ ಕಿಲೋಮೀಟರ್ ಸರ್ವಿಸ್‌ಗೆ ಬಿಟ್ಟಾಗ ಶೋರೂಮಿನವರು ಕೊಟ್ಟ ಪಟ್ಟಿ ಹೀಗಿತ್ತು. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್ 2,750. ಏರ್ ಫಿಲ್ಟರ್ 480. ಬ್ರೇಕ್ ಆಯಿಲ್ 720. ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ 950. ಇಂಜಿನ್ ಫ್ಲಶ್ 650. ಪೆಟ್ರೋಲ್ ಟ್ಯಾಂಕಿಗೆ ಹಾಕೋ ಬಾಟ್ಲಿ 420. ಥ್ರಾಟಲ್ ಬಾಡಿ ಕ್ಲೀನಿಂಗ್ 1,150. ಎಸಿ ಕ್ಲೀನಿಂಗ್ 1,400. ಬ್ರೇಕ್ ಕ್ಲೀನಿಂಗ್ 600. ಗಾಡಿ ಅಡಿಗೆ ತುಕ್ಕು ಹಿಡಿಯದಂಗೆ ಕೋಟಿಂಗ್ 3,600. ಬಾಡಿ ಪಾಲಿಶ್ 2,200. ಲೇಬರ್ 1,380. ಒಟ್ಟು 16,300 ರೂಪಾಯಿ.

ನನಗೆ ತಲೆ ಕೆಟ್ಟೋಯ್ತು. ಪಾಲಿಶ್ ಯಾಕೆ ಅಂದೆ. "ರೆಕಮೆಂಡೆಡ್ ಸರ್" ಅಂದ. ಈ ಬಾಟ್ಲಿ ಯಾಕೆ ಅಂದೆ. "ರೆಕಮೆಂಡೆಡ್ ಸರ್." ಬ್ರೇಕ್ ಆಯಿಲ್ ಯಾಕಪ್ಪ, ಚೆನ್ನಾಗೇ ಹಿಡೀತಿದೆಯಲ್ಲ ಅಂದೆ. ಅದಕ್ಕೂ ಅದೇ, "ರೆಕಮೆಂಡೆಡ್ ಸರ್." ಮೂರಕ್ಕೂ ಒಂದೇ ಉತ್ತರ, ಒಂದೇ ದನಿ. ಸಿಟ್ಟಲ್ಲಿ ಪೆನ್ನು ಇಸ್ಕೊಂಡು ಆಯಿಲ್ಲು, ಫಿಲ್ಟರು, ಲೇಬರು ಬಿಟ್ಟು ಉಳಿದಿದ್ದೆಲ್ಲಾ ಹೊಡೆದು ಹಾಕ್ದೆ. ಹನ್ನೊಂದು ಸಾವಿರಕ್ಕೂ ಹೆಚ್ಚು ಉಳಿಸ್ದೆ ಅಂತ ಮೀಸೆ ಮೇಲೆ ಕೈ ಹಾಕ್ಕೊಂಡು ಊರಿಗೆ ಬಂದೆ.

ಎರಡು ತಿಂಗಳಾದ ಮೇಲೆ ಧರ್ಮಸ್ಥಳಕ್ಕೆ ಹೊರಟ್ವಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳೀತಿದ್ವಿ. ಕಾರಲ್ಲಿ ಐದು ಜನ, ಹಿಂದೆ ಲಗೇಜು. ನಾನು ಮೂರನೇ ಗೇರಲ್ಲಿ ಬ್ರೇಕ್ ಒತ್ಕೊಂಡೇ ಇಳಿಸ್ತಿದ್ದೆ. ಅದೂ ತಪ್ಪೇ, ಒಪ್ಕೋತೀನಿ. ಅರ್ಧ ಘಾಟಿ ಇಳಿಯೋ ಹೊತ್ತಿಗೆ ಪೆಡಲ್ಲು ಮೆತ್ತಗಾಯ್ತು. ಮುಂದಿನ ತಿರುವಲ್ಲಿ ಒತ್ತಿದ್ರೆ ನೆಲಕ್ಕೇ ಹೋಯ್ತು, ಗಾಡಿ ನಿಲ್ಲಲಿಲ್ಲ. ಎರಡನೇ ಗೇರು, ಆಮೇಲೆ ಒಂದನೇ ಗೇರು, ಹ್ಯಾಂಡ್ ಬ್ರೇಕು, ಎಲ್ಲಾ ಸೇರಿಸಿ ಬೆಟ್ಟದ ಕಡೆ ಚರಂಡಿ ಪಕ್ಕಕ್ಕೆ ಒತ್ತರಿಸಿ ನಿಲ್ಲಿಸ್ದೆ. ಇನ್ನೊಂದು ಮಗ್ಗುಲಲ್ಲಿ ಪ್ರಪಾತ. ಅಮ್ಮ ಮಾತೇ ಆಡಲಿಲ್ಲ. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಬ್ರೇಕ್ ವಾಪಸ್ ಬಂದಿತ್ತು.

ಉಜಿರೆಯಲ್ಲಿ ಒಬ್ಬ ಮೆಕ್ಯಾನಿಕ್ ಆಯಿಲ್ ತೆಗೆದು ತೋರಿಸ್ದ, ಕಾಫಿ ಡಿಕಾಕ್ಷನ್ ಬಣ್ಣ. ಗಾಡಿ ತಗೊಂಡಾಗಿನಿಂದ ನಾಲ್ಕೂವರೆ ವರ್ಷ ಬದಲಾಯಿಸಿರಲಿಲ್ಲ. ಅವನು ಹೇಳಿದ್ದು ಇಷ್ಟು: ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವಾಂಶನ ಹೀರಿಕೊಳ್ಳುತ್ತೆ. ಡಾಟ್ 3 ಅನ್ನೋ ದರ್ಜೆದು ಹೊಸದಾಗಿದ್ದಾಗ ಕಡಿಮೆ ಅಂದ್ರೂ 205 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಟ್ಟ 140 ಡಿಗ್ರಿಗೆ ಇಳಿಯುತ್ತೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದ್ರೆ ಪೈಪ್ ಒಳಗೆ ಆವಿ ಗುಳ್ಳೆ ಕಟ್ಟುತ್ತೆ. ನಾವು ಪೆಡಲ್ ಒತ್ತಿದ್ರೆ ಗುಳ್ಳೆ ಅಮುಕಿಕೊಳ್ಳುತ್ತೆ, ಚಕ್ರ ಹಿಡಿಯಲ್ಲ. ಹಳೇಬೀಡು, ಬಾಣಾವರದ ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗಲ್ಲ. ಘಾಟಿಯಲ್ಲೇ ಗೊತ್ತಾಗೋದು.

ಊರಿಗೆ ಬಂದು ಗಾಡಿ ಜೊತೆ ಕೊಟ್ಟಿದ್ದ ಪುಸ್ತಕನ ಮೊದಲನೇ ಸಲ ತೆಗೆದೆ. ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಕೊನೆ ಕಡೆ ಒಂದು ಕೋಷ್ಟಕ ಇತ್ತು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಂದ್ಸಲ ಬದಲಾಯಿಸಿ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇಂಜಿನ್ ಫ್ಲಶ್ ಇಲ್ಲ. ಬಾಟ್ಲಿ ಇಲ್ಲ. ಪಾಲಿಶ್ ಇಲ್ಲ, ಅಡಿ ಕೋಟಿಂಗ್ ಇಲ್ಲ. ಲೆಕ್ಕ ಹಾಕಿದೆ. ಪುಸ್ತಕದ ಪ್ರಕಾರ ಅವತ್ತು ಆಗಬೇಕಿದ್ದ ಕೆಲಸ 5,330 ರೂಪಾಯಿದು. ನಮ್ಮ ರಸ್ತೆ ಹಳ್ಳಕ್ಕೆ ಅಲೈನ್‌ಮೆಂಟ್ ಸೇರಿಸಿದ್ರೂ 6,280. ಉಳಿದ 10,020 ರೂಪಾಯಿ ಶೋರೂಮಿನವರು ತಾವೇ ಸೇರಿಸಿದ್ದು.

ನಾನು ಹೇಳಬೇಕಾಗಿರೋದು ಇದೇ. ಹತ್ತು ಸಾವಿರ ಹೋಗೋದು ಸಣ್ಣ ನಷ್ಟ. ಬೇಡದ್ದನ್ನೂ ಬೇಕಾದ್ದನ್ನೂ ಒಂದೇ ಚೀಟಿಯಲ್ಲಿ ಕಲಸಿ ಕೊಟ್ಟು, ಎಲ್ಲಕ್ಕೂ "ರೆಕಮೆಂಡೆಡ್" ಅಂತ ಒಂದೇ ಮುದ್ರೆ ಒತ್ತಿದ್ರೆ, ನಾವು ಎರಡನ್ನೂ ನಂಬೋದು ಬಿಡ್ತೀವಿ. ದೊಡ್ಡ ನಷ್ಟ ಅದು. 2,200ರ ಪಾಲಿಶ್ಶು 720ರ ಬ್ರೇಕ್ ಆಯಿಲ್‌ನ ತಿಂದು ಹಾಕ್ತು. ನಾನು ಹೊಡೆದು ಹಾಕಿದ್ದು ನನ್ನ ತಪ್ಪು. ಆದ್ರೆ ಹಂಗೆ ಹೊಡೆದು ಹಾಕೋ ಹಂಗೆ ಬರೆದುಕೊಟ್ಟವರದ್ದೂ ತಪ್ಪೇ.

ಶೋರೂಮಿನವರು ಎರಡು ಮಾತು ಹೇಳ್ತಾರೆ. ಮೊದಲನೇದು, "ಕಂಪನಿ ರೆಕಮೆಂಡ್ ಮಾಡಿದೆ." ಕಂಪನಿ ಬೇರೆ, ಡೀಲರ್ ಬೇರೆ. ಕಂಪನಿ ಮಾತು ಪುಸ್ತಕದಲ್ಲಿ ಅಚ್ಚಾಗಿದೆ. ಅದರ ಹೊರಗಿರೋದು ಡೀಲರ್ ಮಾತು. ಜಾಬ್ ಕಾರ್ಡ್ ಬರೆಯೋ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಊರುಗಳಲ್ಲೇ ಐಟಿಐ ಓದಿ ಹೋದ ಮಕ್ಕಳು ಅವರು. ತಿಂಗಳಿಗೆ ಇಷ್ಟು ಕೋಟಿಂಗ್, ಇಷ್ಟು ಬಾಟ್ಲಿ ಅಂತ ಟಾರ್ಗೆಟ್ ಇರುತ್ತೆ ಅಂತ ಒಬ್ಬ ಹುಡುಗನೇ ನನಗೆ ಹೇಳಿದ್ದಾನೆ.

ಎರಡನೇದು ಹೆದರಿಕೆ: "ಹೊರಗೆ ಮಾಡಿಸಿದ್ರೆ ವಾರಂಟಿ ಹೋಗುತ್ತೆ ಸರ್." ಇದಕ್ಕೆ ಉತ್ತರ ಸರ್ಕಾರದ ಕಡೆಯಿಂದಲೇ ಬಂದಿದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544.65 ಕೋಟಿ ರೂಪಾಯಿ ದಂಡ ಹಾಕ್ತು. ಬಿಡಿಭಾಗ, ರಿಪೇರಿ ಮಾಹಿತಿ, ಪರೀಕ್ಷೆ ಮಾಡೋ ಉಪಕರಣ ಯಾವುದನ್ನೂ ಹೊರಗಿನ ಗ್ಯಾರೇಜಿಗೆ ಸಿಗದಂಗೆ ಮಾಡಿದ್ರು ಅನ್ನೋದು ಆರೋಪ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು, ಹೊರಗಿನ ಕೆಟ್ಟ ಕೆಲಸದಿಂದ ಯಾವ ಭಾಗ ಹಾಳಾಯ್ತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಅಂತ ಆ ಆದೇಶದಲ್ಲಿದೆ. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ಮಾತು. ಆದ್ರೂ ವಾರಂಟಿ ಇರೋವರೆಗೆ ಪುಸ್ತಕದಲ್ಲಿರೋ ಸರ್ವಿಸ್‌ನ ಶೋರೂಮಲ್ಲೇ ಮಾಡಿಸಿ ಅಂತೀನಿ ನಾನು. ಜಗಳ ಗೆಲ್ಲಬಹುದು, ಆದ್ರೆ ಗಾಡಿ ಇಲ್ಲದೆ ಹಾಸನಕ್ಕೆ ಅಲೆಯೋರು ನಾವು. ಪಾಲಿಶ್ ಬೇಡ ಅಂದ್ರೆ ವಾರಂಟಿ ಹೋಗುತ್ತೆ ಅಂದ್ರೆ ಮಾತ್ರ, "ಬರವಣಿಗೆಯಲ್ಲಿ ಕೊಡಿ" ಅನ್ನಿ. ನಾನು ಕೇಳಿ ನೋಡಿದೀನಿ, ಯಾರೂ ಬರೆದುಕೊಡಲಿಲ್ಲ.

ಇನ್ನು ನಮ್ಮ ಕಡೆಯವರ ವಾದ. "ನಮ್ಮ ಮೇಸ್ತ್ರಿ ಇದಾನೆ, ಸದ್ದು ಕೇಳಿದ್ರೇ ಹೇಳ್ತಾನೆ." ನಿಜ, ಒಳ್ಳೇ ಕೈ ಇರೋ ಮೇಸ್ತ್ರಿಗಳು ಬೇಲೂರಲ್ಲೂ ಅರಸೀಕೆರೆಯಲ್ಲೂ ಇದಾರೆ. ನನ್ನ ಗಾಡಿ ಈಗ ಅಂಥವರ ಹತ್ರನೇ ಹೋಗೋದು. ಆದ್ರೆ ಕೆಟ್ಟ ಬ್ರೇಕ್ ಆಯಿಲ್ ಸದ್ದು ಮಾಡಲ್ಲ. ಹಳೇ ಕೂಲೆಂಟ್ ಸದ್ದು ಮಾಡಲ್ಲ. ಕೆಲವು ಇಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇರುತ್ತೆ. ಅದು ಮುನ್ಸೂಚನೆ ಕೊಡದೇ ಕಟ್ಟಾಗುತ್ತೆ, ಆಮೇಲೆ ಇಂಜಿನ್ ಬಿಚ್ಚಬೇಕಾಗಬಹುದು. ಡ್ರಮ್ಮಿನಿಂದ ಜಗ್ಗಲ್ಲಿ ಸುರಿಯೋ ಆಯಿಲ್ ಯಾವ ದರ್ಜೆದು ಅಂತ ಮೇಸ್ತ್ರಿಗೂ ಗೊತ್ತಿರಲ್ಲ. ಶೋರೂಮಿನವರನ್ನ ಕೇಳೋ ಪ್ರಶ್ನೆನ ಮೇಸ್ತ್ರಿಯನ್ನೂ ಕೇಳಬೇಕು.

ಇನ್ನೊಂದು ಮಾತು. ಶೋರೂಮಿನ ಪಟ್ಟಿಯಲ್ಲಿ ಬೇಡದ್ದು ಜಾಸ್ತಿ ಇರೋದಷ್ಟೇ ಅಲ್ಲ, ನಮ್ಮ ಸೀಮೆಗೆ ಬೇಕಾದ್ದು ಬಿಟ್ಟೂ ಹೋಗಿರುತ್ತೆ. ಪುಸ್ತಕದಲ್ಲಿ ಕೋಷ್ಟಕದ ಪಕ್ಕದಲ್ಲೇ ಧೂಳು, ಕೆಸರು, ಸಣ್ಣ ಸಣ್ಣ ಓಡಾಟ ಇರೋ ಗಾಡಿಗೆ ಬೇರೆ ಲೆಕ್ಕ ಕೊಟ್ಟಿರ್ತಾರೆ. ಅದು ನಾವೇ. ಬೇಸಿಗೆಯಲ್ಲಿ ಬಾಣಾವರ ಕಡೆ ಧೂಳು ನೋಡಿ, ಮಳೆಗಾಲದಲ್ಲಿ ಬಿಕ್ಕೋಡು, ಅರೇಹಳ್ಳಿ ಕಡೆ ಕೆಸರು ನೋಡಿ. ಬೆಂಗಳೂರಲ್ಲಿ ವರ್ಷ ತಡೆಯೋ ಏರ್ ಫಿಲ್ಟರ್ ಇಲ್ಲಿ ತಡೆಯಲ್ಲ. 480 ರೂಪಾಯಿ ಫಿಲ್ಟರ್‌ನ ಮಧ್ಯದಲ್ಲಿ ಒಂದ್ಸಲ ತೆಗೆದು ನೋಡಿ ಅಂತ ನನಗೆ ಯಾರೂ ಹೇಳಲಿಲ್ಲ. 3,600ರ ಕೋಟಿಂಗ್ ಮಾತ್ರ ಹೇಳಿದ್ರು. ಅದು ಸಮುದ್ರದ ಉಪ್ಪು ಗಾಳಿ ಇರೋ ಮಂಗಳೂರು ಕಡೆಯವರಿಗೆ ಬೇಕಾದೀತು. ನಮಗೆ ಮಳೆಗಾಲ ಮುಗಿದ ಮೇಲೆ ಅಡಿಭಾಗದ ಕೆಸರು ನೀರು ಹೊಡೆದು ತೊಳೆದ್ರೆ ಸಾಕು.

ಟ್ರ್ಯಾಕ್ಟರ್‌ಗೂ ಇದೇ ಲೆಕ್ಕ, ಕಿಲೋಮೀಟರ್ ಬದಲು ಗಂಟೆ. ಬಹಳಷ್ಟು ಟ್ರ್ಯಾಕ್ಟರ್‌ಗೆ ಮೊದಲನೇ ಸರ್ವಿಸ್ 50 ಗಂಟೆಗೆ ಬರುತ್ತೆ, ಅದನ್ನ ತಪ್ಪಿಸಲೇಬೇಡಿ. ಹೊಸ ಇಂಜಿನ್ ಸವೆದ ಲೋಹದ ಪುಡಿ ಆ ಆಯಿಲ್ ಜೊತೆ ಆಚೆ ಹೋಗಬೇಕು. ರಾಗಿ ಒಕ್ಕಣೆ ಮಾಡೋ ದಿನ ಏರ್ ಕ್ಲೀನರ್ ಬಟ್ಟಲು ಬಿಚ್ಚಿ ನೋಡಿ. ಆಯಿಲ್ ಬಟ್ಟಲಿನ ತಳದಲ್ಲಿ ಮಣ್ಣು ಕೂತಿದ್ರೆ ಅವತ್ತೇ ಬದಲಾಯಿಸಿ. ಅದಕ್ಕೆ ಶೋರೂಮೂ ಬೇಡ, ಮೇಸ್ತ್ರಿಯೂ ಬೇಡ.

ರಿಪೇರಿ ಹಕ್ಕು ಅನ್ನೋ ಮಾತು ಈಗ ದೊಡ್ಡದಾಗಿದೆ. ಅಮೆರಿಕದ ಕೊಲರಾಡೋ ರಾಜ್ಯ 2023ರಲ್ಲಿ ರೈತರು ತಮ್ಮ ಯಂತ್ರ ತಾವೇ ರಿಪೇರಿ ಮಾಡ್ಕೊಳ್ಳೋಕೆ ಕಾನೂನು ಮಾಡ್ತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡ್ತು. ಕೃಷಿ ಉಪಕರಣ, ವಾಹನ ಎರಡೂ ಅದರ ವ್ಯಾಪ್ತಿಯಲ್ಲಿವೆ. ಹೇಳದೇ ಕೇಳದೇ ಕೆಲಸ ಮಾಡಿ ಬಿಲ್ ಹಾಕಿದ್ರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಆದ್ರೆ ದೂರು ಕೊಡೋಕೆ ಕೈಯಲ್ಲಿ ಚೀಟಿ ಇರಬೇಕು. ಅದಕ್ಕೇ ನಾನು ಈಗ ಹೀಗೆ ಮಾಡ್ತೀನಿ:

1. ಸರ್ವಿಸ್‌ಗೆ ಹೋಗೋ ಹಿಂದಿನ ರಾತ್ರಿ ಪುಸ್ತಕದ ಕೋಷ್ಟಕ ನೋಡಿ ಒಂದು ಚೀಟಿ ಬರ್ಕೋತೀನಿ. ಕಿಲೋಮೀಟರ್ ಆಗದಿದ್ರೂ ವರ್ಷ ಆಗಿದ್ರೆ ಮಾಡಿಸಬೇಕು. ಎರಡರಲ್ಲಿ ಯಾವುದು ಮೊದಲೋ ಅದು. ನಾನು ಇಲ್ಲೇ ಎಡವಿದ್ದು.

2. ಅವರ ಪಟ್ಟಿಯಲ್ಲಿ ಜಾಸ್ತಿ ಇರೋ ಪ್ರತಿ ಸಾಲಿಗೂ, "ಇದು ಪುಸ್ತಕದ ಯಾವ ಪುಟದಲ್ಲಿದೆ ತೋರಿಸಪ್ಪ" ಅಂತೀನಿ.

3. ಪುಸ್ತಕದಲ್ಲಿ ಇಲ್ಲ ಅಂದ್ರೆ, "ಗಾಡೀಲಿ ಏನು ತೊಂದರೆ ಕಂಡ್ರಿ, ತೋರಿಸಿ" ಅಂತೀನಿ. ಎಸಿ ವಾಸನೆ ಬರ್ತಿದ್ರೆ ಕ್ಲೀನಿಂಗ್ ಸರಿ. ನಿಂತಾಗ ಇಂಜಿನ್ ತಡವರಿಸ್ತಿದ್ರೆ ಥ್ರಾಟಲ್ ಸರಿ. ಟೈರ್ ಒಂದೇ ಮಗ್ಗುಲು ಸವೀತಿದ್ರೆ ಅಲೈನ್‌ಮೆಂಟ್ ಸರಿ. ತೊಂದರೆ ಇಲ್ಲದಿದ್ರೆ ಬೇಡ.

4. ಬದಲಾಯಿಸಿದ ಹಳೇ ಭಾಗನ ಚೀಲದಲ್ಲಿ ಹಾಕಿಸ್ಕೊಂಡು ಬರ್ತೀನಿ. ಬಿಲ್ಲನ್ನ ಪುಸ್ತಕದ ಒಳಗೇ ಇಡ್ತೀನಿ.

ಡೀಲರ್‌ಗಳಿಗೂ ಒಂದು ಮಾತು, ನಿಮ್ಮಲ್ಲಿ ಯಾರಾದ್ರೂ ಓದ್ತಿದ್ರೆ. ಎಸ್ಟಿಮೇಟ್‌ನ ಎರಡು ಭಾಗ ಮಾಡಿ. ಮೇಲೆ ಪುಸ್ತಕದ್ದು, ಕೆಳಗೆ ನಿಮ್ಮದು. ಕನ್ನಡದಲ್ಲಿ ಕೊಡಿ. ಕೆಳಗಿಂದು ಬೇಡ ಅಂದೋರ ಮುಖ ನೋಡಿ ನಗಬೇಡಿ. ಹಂಗೆ ಮಾಡಿದ್ರೆ ಮೇಲಿನದ್ದನ್ನ ನಾವು ಒಂದು ಪೈಸೆ ಚೌಕಾಸಿ ಮಾಡದೇ ಮಾಡಿಸ್ತೀವಿ.

ಆ ಹುಡುಗನ ಗಾಡಿ ಡಬ್ಬಿಯಿಂದ ಅವತ್ತೇ ಪುಸ್ತಕ ತೆಗೆಸಿ, ಟೀ ಅಂಗಡಿ ಬೆಂಚಿನ ಮೇಲೆ ಇಬ್ಬರೂ ಕೂತು ನೋಡಿದ್ವಿ. ಹದಿನೆಂಟು ಸಾವಿರದಲ್ಲಿ ಏಳು ಸಾವಿರದ್ದು ಪುಸ್ತಕದಲ್ಲಿತ್ತು. ಬ್ರೇಕ್ ಆಯಿಲ್ ಇತ್ತು. ಮುಂದಿನ ವಾರ ಅವನೂ ಅವನ ಹೆಂಡತಿ ಮಗುನೂ ಧರ್ಮಸ್ಥಳಕ್ಕೆ ಹೊರಟವ್ರೆ. ಅದೊಂದು ಬದಲಾಯಿಸದೇ ಹೋಗಬೇಡ ಅಂತ ಹೇಳಿ ಕಳಿಸ್ದೆ.

ನಿಮ್ಮ ಗಾಡಿ ಪುಸ್ತಕ ಎಲ್ಲಿದೆ ಅಂತ ಇವತ್ತು ರಾತ್ರಿ ಒಂದ್ಸಲ ಹುಡುಕಿ ನೋಡಿ. ನಾನು ಬರೆದಿದ್ದರಲ್ಲಿ ತಪ್ಪಿದ್ರೆ ತಿಳಿಸಿ, ತಿದ್ಕೋತೀನಿ.