'ದೌ' ಎಂದರೆ ತಾವಲ್ಲ, ನೀನು

ಆಷಾಢ ಏಕಾದಶಿಗೆ ಪಂಢರಪುರ ಮುಟ್ಟಬೇಕೆಂದು ಹೊರಟ ಎರಡು ಪಾಲಕಿಗಳು ದಾರಿಯಲ್ಲಿ ಪುಣೆಯಲ್ಲಿ ತಂಗುತ್ತವೆ. ಆಳಂದಿಯಿಂದ ಬರುವುದು ಜ್ಞಾನೇಶ್ವರರದು, ದೇಹುವಿನಿಂದ ಬರುವುದು ತುಕಾರಾಮರದು. ನಾನಾ ಪೇಟೆ, ಭವಾನಿ ಪೇಟೆಗಳ ಗಲ್ಲಿಗಳಲ್ಲಿ ಆಗ ಕಾಲಿಡಲು ಜಾಗವಿರುವುದಿಲ್ಲ. ಮರಾಠಿಯಲ್ಲಿ ಎದುರಿನವರನ್ನು ಕರೆಯಲು ಮೂರು ಮೆಟ್ಟಿಲುಗಳಿವೆ: ತೂ, ತುಮ್ಹಿ, ಆಪಣ. ತಾಳ ಬಡಿಯುತ್ತ ನಡೆಯುವ ವಾರಕರಿಗಳ ಅಭಂಗಗಳಲ್ಲಿ ವಿಠ್ಠಲ ಯಾವಾಗಲೂ 'ತೂ'. 'ಆಪಣ' ಎಂಬುದು ಕಚೇರಿಯ ಸಾಹೇಬರಿಗೆ, ಮದುವೆಯ ಕರೆಯೋಲೆಗೆ.

ಈ ತೂ ಇಂಗ್ಲಿಷಿಗೆ ಹೋದಾಗ ಏನಾಯಿತು ಎಂಬುದಕ್ಕೂ ಪುಣೆಯೇ ಸಾಕ್ಷಿ. ಇಲ್ಲಿದ್ದ ಸ್ಕಾಟ್ಲೆಂಡಿನ ಮಿಷನರಿ ನಿಕೋಲ್ ಮ್ಯಾಕ್ನಿಕೋಲ್ 1919ರಲ್ಲಿ ಮರಾಠಿ ಸಂತರ ಪದಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಲ್ಲಿ ವಿಠ್ಠಲ 'ದೌ' ಆದ. ಅದಕ್ಕೂ ಏಳು ವರ್ಷ ಮೊದಲು, 1912ರಲ್ಲಿ, ಠಾಕೂರರು ತಮ್ಮ ಗೀತಾಂಜಲಿಯ 'ತುಮಿ'ಯನ್ನು ತಾವೇ 'ದೌ' ಮಾಡಿದ್ದರು. ಆಮೇಲೆ ಇಂಗ್ಲಿಷಿಗೆ ಹೋದ ಭಾರತೀಯ ದೇವರಿಗೆಲ್ಲ ಅದು ಸಮವಸ್ತ್ರದಂತೆ ಆಗಿಬಿಟ್ಟಿತು.

ನಿಘಂಟಿನ ಪ್ರಕಾರ ಮ್ಯಾಕ್ನಿಕೋಲ್ ತಪ್ಪು ಮಾಡಲಿಲ್ಲ. ತಪ್ಪು ಇರುವುದು ತರಗತಿಯಲ್ಲಿ. 'ದೌ, ದೀ, ದೈ' ಎಂಬವು ಹಳೆಯ ಕಾಲದ ಗೌರವಸೂಚಕಗಳು, ದೇವರಿಗೂ ರಾಜರಿಗೂ ಬಳಸುತ್ತಿದ್ದ 'ತಾವು, ತಮ್ಮನ್ನು, ತಮ್ಮ' ಎಂದು ಹೇಳಿಕೊಟ್ಟ ಮೇಷ್ಟ್ರುಗಳು ಈ ದೇಶದಲ್ಲಿ ಎಷ್ಟು ಮಂದಿಯೋ! ಪ್ರಾರ್ಥನೆಯಲ್ಲಿ ಬರುತ್ತದೆ, ಆದ್ದರಿಂದ ಗೌರವವೇ ಇರಬೇಕು ಎಂಬುದು ಅವರ ಲೆಕ್ಕ. ಲೆಕ್ಕ ತಲೆಕೆಳಗಾಗಿದೆ. 'ದೌ' ಎಂದರೆ ನೀನು. ಅಪ್ಪಟ ಏಕವಚನ. ಬಹುವಚನ 'ಯೀ' ಮತ್ತು 'ಯೂ'. ಹದಿಮೂರನೆಯ ಶತಮಾನದಿಂದಾಚೆಗೆ ಫ್ರೆಂಚರ ಶಿಷ್ಟಾಚಾರ ನೋಡಿ ಇಂಗ್ಲಿಷರು ದೊಡ್ಡವರಿಗೆ ಬಹುವಚನ ಹಚ್ಚತೊಡಗಿದರು. ಹಾಗಾಗಿ 'ಯೂ' ನೀವು ಆಯಿತು. 'ದೌ' ಮನೆಮಂದಿಗೆ, ಮಕ್ಕಳಿಗೆ, ಆಳುಗಳಿಗೆ ಉಳಿಯಿತು. ಜಗಳಕ್ಕೂ ಉಳಿಯಿತು.

ಜಗಳದ ವಿಷಯ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. 'ಏಕವಚನದಲ್ಲಿ ಮಾತಾಡಬೇಡಿ' ಎಂದು ವಿಧಾನಸಭೆಯಲ್ಲೂ ಬಸ್ಸಿನಲ್ಲೂ ಕೂಗಾಡುವ ಜನ ಇವರು. 1603ರಲ್ಲಿ ಸರ್ ವಾಲ್ಟರ್ ರ‍್ಯಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ಅವನನ್ನು 'ದೌ' ಎಂದು ಹೀಗಳೆದ. ಷೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದಲ್ಲಿ ಒಬ್ಬ ಇನ್ನೊಬ್ಬನಿಗೆ ಕೊಡುವ ಉಪಾಯ ಕೂಡ ಇದೇ: ಸವಾಲಿನ ಪತ್ರದಲ್ಲಿ ಅವನನ್ನು ಮೂರು ಸಲ 'ದೌ' ಅಂದುಬಿಡು. ಜಾರ್ಜ್ ಫಾಕ್ಸನ ಹಿಂಬಾಲಕರಾದ ಕ್ವೇಕರರು ದೇವರ ಮುಂದೆ ಎಲ್ಲರೂ ಸಮಾನರೆಂದು ನ್ಯಾಯಾಧೀಶರನ್ನೂ ಜಮೀನ್ದಾರರನ್ನೂ 'ದೌ' ಎಂದು ಕರೆದು ಏಟು ತಿಂದರು. ಅದು ಗೌರವದ ಮಾತಾಗಿದ್ದರೆ ಏಟು ಬೀಳುತ್ತಿತ್ತೆ?

ಹಾಗಾದರೆ ಬೈಬಲ್ಲು? 1611ರ ಕಿಂಗ್ ಜೇಮ್ಸ್ ಅನುವಾದದಲ್ಲಿ ದೇವರು ದೌ, ರಾಜ ದೌ, ಕಳ್ಳ ದೌ, ಸೈತಾನನೂ ದೌ. ಮೂಲದಲ್ಲಿ ಏಕವಚನ ಇದ್ದ ಕಡೆಯೆಲ್ಲ ಅದನ್ನೇ ಇಟ್ಟರು, ಅಷ್ಟೆ. ಮುಂದೆ ಬೀದಿಯಲ್ಲಿ 'ದೌ' ಸತ್ತಿತು, ಚರ್ಚಿನಲ್ಲಿ ಉಳಿಯಿತು. ಚರ್ಚಿನಲ್ಲಿ ಮಾತ್ರ ಕೇಳಿಸುವ ಮಾತಿಗೆ ಧೂಪದ ವಾಸನೆ ಹತ್ತದೆ ಇರುತ್ತದೆಯೆ? 1952ರಲ್ಲಿ ಪೂರ್ಣಗೊಂಡ ಅಮೆರಿಕದ ಪರಿಷ್ಕೃತ ಬೈಬಲ್ ಮನುಷ್ಯರಿಗೆಲ್ಲ 'ಯೂ' ಕೊಟ್ಟು ದೇವರಿಗೆ ಮಾತ್ರ 'ದೌ' ಕಾದಿರಿಸಿತು. ಸಲಿಗೆಯ ಮಾತಿಗೆ ಪೀಠ ಕಟ್ಟಿದ್ದಾಯಿತು. 1989ರ ಪರಿಷ್ಕರಣೆಯಲ್ಲಿ ಅದನ್ನೂ ಬಿಟ್ಟರು. ಅಲ್ಲಿಯವರೇ ಬಿಟ್ಟದ್ದನ್ನು ಇಲ್ಲಿಯ ಅನುವಾದಕರು ಇನ್ನೂ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದಾರೆ.

ಇದು ಬರೀ ವ್ಯಾಕರಣದ ತಕರಾರಲ್ಲ. ಹಳೆಯ ಮರಾಠಿ ಮನೆಗಳಲ್ಲಿ ಅಪ್ಪ 'ತುಮ್ಹಿ', ಅವ್ವ 'ತೂ'. ಕರ್ನಾಟಕದ ಎಷ್ಟೋ ಮನೆಗಳಲ್ಲೂ ಹಾಗೇ: ಅಪ್ಪನಿಗೆ ನೀವು, ಅವ್ವನಿಗೆ ನೀ. ವಾರಕರಿಗಳಿಗೆ ವಿಠ್ಠಲ ಅಪ್ಪನಿಗಿಂತ ಹೆಚ್ಚಾಗಿ 'ಮಾವುಲಿ', ಹೆತ್ತ ತಾಯಿ; ವಿಠಾಬಾಯಿ ಎಂದೂ ಕರೆಯುತ್ತಾರೆ. ತಾಯಿಯ ಹತ್ತಿರ ಹಟ ಮಾಡಬಹುದು, ಸಿಟ್ಟಾಗಬಹುದು, ಬೈಯಲೂಬಹುದು. ತುಕಾರಾಮರು ಬೈದಿದ್ದಾರೆ ಕೂಡ. ಆ ಬೈಗುಳವನ್ನು 'ದೌ' ಎಂದು ಶುರುಮಾಡಿದರೆ ಇಂದಿನ ಓದುಗರಿಗೆ ಕೇಳಿಸುವುದು ಸ್ತೋತ್ರ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನಿಗೆ ಆಡುವ 'ನೀನು' ಗಂಡನಿಗೆ ಆಡಿದ್ದು. ಅದು 'ದೌ' ಆದ ಕೂಡಲೇ ಅವಳು ಮೊಣಕಾಲೂರಿದ ಭಕ್ತೆಯಾಗುತ್ತಾಳೆ.

ಇದನ್ನು ಸರಿಯಾಗಿ ಕೇಳಿಸಿಕೊಂಡ ಕಿವಿಗೂ ಪುಣೆಯ ನಂಟಿದೆ. ಎ.ಕೆ. ರಾಮಾನುಜನ್ 1958ರ ಸುಮಾರಿಗೆ ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಕಲಿತವರು. 1973ರಲ್ಲಿ ಬಂದ ಅವರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಶಿವ ಬರೀ 'ಯೂ'. ಪುಣೆಯಲ್ಲೇ ನೆಲೆಸಿ ಅಲ್ಲೇ ತೀರಿಕೊಂಡ ದಿಲೀಪ್ ಚಿತ್ರೆ 1991ರಲ್ಲಿ 'ಸೇಸ್ ತುಕಾ' ಕೊಟ್ಟಾಗ ತುಕಾರಾಮರೂ ಇಂದಿನ ಇಂಗ್ಲಿಷಿನಲ್ಲೇ ಮಾತಾಡಿದರು. ರಾಮಾನುಜನ್ನರು ವಚನಗಳನ್ನು ಆಧುನಿಕ ಇಂಗ್ಲಿಷ್ ಕಾವ್ಯದ ಅಚ್ಚಿಗೆ ಹೊಯ್ದರೆಂದು ತೇಜಸ್ವಿನಿ ನಿರಂಜನ 1992ರಲ್ಲಿ ಮಾಡಿದ ಆಕ್ಷೇಪಕ್ಕೆ ತೂಕವಿದೆ. ಆದರೆ ಸರ್ವನಾಮದ ಮಟ್ಟಿಗೆ ಅವರದ್ದೇ ಸರಿ.

ನಷ್ಟವಿಲ್ಲವೆಂದಲ್ಲ. 'ಯೂ' ಹುಟ್ಟಿನಿಂದ ನೀವು. ಎಲ್ಲರಿಗೂ ನೀವು ಅಂದು ಅಂದು ಇಂಗ್ಲಿಷಿನವರು ನೀನು ಎನ್ನುವುದನ್ನೇ ಕಳೆದುಕೊಂಡರು. ಆ ಸಲಿಗೆಯನ್ನು ಅನುವಾದಕ ಬೇರೆ ಕಡೆಯಿಂದ ತರಬೇಕು: ಸಾಲಿನ ಗಿಡ್ಡತನದಿಂದ, ಕ್ರಿಯಾಪದದ ಒರಟಿನಿಂದ, ಮನೆಮಾತಿನ ಬೈಗುಳದಿಂದ. ಅದು ಕಷ್ಟದ ಕೆಲಸ. 'ದೌ' ಬರೆಯುವುದು ಸುಲಭ, ಇಷ್ಟು ಕಾಲ ಅದು ಬಾಳಿದ್ದಕ್ಕೆ ಅದೂ ಒಂದು ಕಾರಣ.

ಯಾರ್ಕ್‌ಷೈರಿನ ಆಡುಮಾತಿನಲ್ಲಿ ಅದು 'ದಾ' ಎಂಬ ರೂಪದಲ್ಲಿ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದೆ. ಅಲ್ಲಿಯ ಹಳಬರು ಅದನ್ನು ಜೊತೆಗಾರನಿಗೆ ಹೇಳುತ್ತಾರೆ, ಮನೆಯ ಮಕ್ಕಳಿಗೆ ಹೇಳುತ್ತಾರೆ. ಎದುರಿಗೆ ಅಪರಿಚಿತ ದೊಡ್ಡ ಮನುಷ್ಯ ಬಂದರೆ ನುಂಗಿಕೊಂಡು 'ಯೂ' ಅನ್ನುತ್ತಾರೆ.