ಮಾವನವರ ಕೊಳಕ್ಕೆ ಬಂದ ಸಿಡಿಲು

ಮೈಸೂರಿನಲ್ಲಿ ನೆಲಸಿರುವ ನನ್ನ ಸೋದರಮಾವನವರು ನಿವೃತ್ತರಾದ ಮೇಲೆ ಹಿತ್ತಿಲಿನಲ್ಲಿ ಒಂದು ಈಜುಕೊಳವನ್ನು ಕಟ್ಟಿಸಿದರು. 20 ಅಡಿ ಉದ್ದ, 10 ಅಡಿ ಅಗಲ. “ಕೊಳವೆಲ್ಲಿ ಬಂತು, ದೊಡ್ಡದೊಂದು ಹಂಡೆ” ಎಂಬುದು ಅತ್ತೆಯವರ ಪರಿಹಾಸ್ಯ. ಆದರೆ ಆ ಹಂಡೆಯ ಪರಿವಾರ ಚಿಕ್ಕದಲ್ಲ. ನೀರು ಸೋಸಲು ಪಂಪು, ಅದನ್ನು ಹೊತ್ತಿಗೆ ಸರಿಯಾಗಿ ನಡೆಸಲು ಟೈಮರು, ನೀರಿಗೆ ಬೆರೆಸಿದ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟಿಸುವ ಒಂದು ಯಂತ್ರ, ತಳದಲ್ಲಿ 12 ವೋಲ್ಟಿನ ದೀಪ.

ಮೊದಲನೆಯ ವರ್ಷ ಭರಣಿ ಮಳೆಯ ಸಂಜೆ ಗುಡುಗು ಸಿಡಿಲುಗಳಾದವು. ಮರುದಿನ ನೋಡಿದರೆ ಕ್ಲೋರಿನ್ ಯಂತ್ರದ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟು ಕರಕಾಗಿತ್ತು. ಅಂಗಡಿಯವರು ಹೊಸ ಬೋರ್ಡಿನೊಡನೆ ಒಂದು ಸ್ಟೆಬಿಲೈಸರನ್ನೂ ಮಾರಿದರು. ಮರುವರ್ಷದ ಮಳೆಗೆ ಸ್ಟೆಬಿಲೈಸರೂ ಸುಟ್ಟಿತು, ಬೋರ್ಡೂ ಸುಟ್ಟಿತು.

“ಸಿಡಿಲು ನಮ್ಮ ಮನೆಗೆ ಬಡಿಯಲಿಲ್ಲವಲ್ಲಪ್ಪಾ, ನಮ್ಮ ಯಂತ್ರವೇಕೆ ಸಾಯಬೇಕು?” ಎಂದು ಮಾವನವರು ನನ್ನನ್ನು ಕೇಳಿದರು. ಕನ್ನಡ ಮೇಷ್ಟ್ರಿಗೆ ಈ ಪ್ರಶ್ನೆ! ನಮ್ಮ ಕಾಲೇಜಿನ ಭೌತಶಾಸ್ತ್ರದ ಗೆಳೆಯರನ್ನು ಆಶ್ರಯಿಸಿದೆ. ಸಿಡಿಲು ಮನೆಗೇ ಬಡಿಯಬೇಕಾಗಿಲ್ಲ. ಹತ್ತಿರದ ತಂತಿಗೋ ನೆಲಕ್ಕೋ ಬಡಿದರೂ ಸಾಕು, 230 ವೋಲ್ಟು ಹರಿಯಬೇಕಾದ ತಂತಿಯಲ್ಲಿ ಸಾವಿರಾರು ವೋಲ್ಟಿನ ಉಬ್ಬರವೆದ್ದು ಮನೆಯೊಳಕ್ಕೆ ನುಗ್ಗುತ್ತದೆ. ಸೆಕೆಂಡಿನ ಲಕ್ಷಾಂಶಗಳಲ್ಲಿ ಅದರ ಆಟ ಮುಗಿದಿರುತ್ತದೆ. ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ತಿದ್ದುವ ಸ್ಟೆಬಿಲೈಸರು ಕಣ್ಣು ತೆರೆಯುವಷ್ಟರಲ್ಲಿ ಕಳ್ಳ ಮನೆ ದೋಚಿ ಹೊರಟುಹೋಗಿರುತ್ತಾನೆ.

ಇದಕ್ಕೆ ಬೇಕಾದುದು ಸರ್ಜ್ ಪ್ರೊಟೆಕ್ಟರ್ ಎಂಬ ಬೇರೆಯೇ ಉಪಕರಣ. ಅದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ ಎಂದಿನ ವೋಲ್ಟೇಜಿಗೆ ಗೋಡೆಯಂತೆ ನಿಂತಿದ್ದು, ಮಿತಿಮೀರಿದ ಕೂಡಲೆ ಬಾಗಿಲಾಗಿ ತೆರೆದು ಉಬ್ಬರವನ್ನು ನೆಲಕ್ಕೆ ಕಳುಹಿಸುತ್ತದೆ. ಕೆರೆಯ ಕೋಡಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಆದರೆ ಕೋಡಿಯ ಆಚೆ ಹಳ್ಳವೇ ಮುಚ್ಚಿಹೋಗಿದ್ದರೆ? ಏರಿ ಒಡೆಯುತ್ತದೆ.

ಮಾವನವರ ಮನೆಯಲ್ಲಿ ಆಗಿದ್ದುದು ಇದೇ. ಕರೆಸಿದ ಹಿರಿಯ ಎಲೆಕ್ಟ್ರಿಷಿಯನ್ನರು ಬೋರ್ಡನ್ನು ಮುಟ್ಟದೆ, “ಅರ್ಥಿಂಗ್ ಗುಂಡಿ ಎಲ್ಲಿದೆ ಸ್ವಾಮಿ?” ಎಂದರು. ಯಾರಿಗೂ ತಿಳಿಯದು. ಕೊಳದ ಸುತ್ತ ಕಲ್ಲು ಹಾಸುವಾಗ ಗುಂಡಿಯ ಮೇಲೂ ಹಾಸಿಬಿಟ್ಟಿದ್ದರು. ಎರಡು ಕಲ್ಲು ಎಬ್ಬಿಸಿ ನೋಡಿದರೆ ಮಣ್ಣು ಒಣಗಿ ಬಿರುಕುಬಿಟ್ಟಿತ್ತು; ತಂತಿಯನ್ನು ಹಿಡಿದಿದ್ದ ಬೋಲ್ಟು ತುಕ್ಕು ಹಿಡಿದು ಕೈಯಲ್ಲಿ ಪುಡಿಯಾಯಿತು. ಮಿಂಚನ್ನು ಪರೀಕ್ಷಿಸಲು ಕಂಬಿಯ ಮೂಲಕ ಅದನ್ನು ಮನೆಯೊಳಕ್ಕೆ ತಂದು, ಆ ಕಂಬಿಗೆ ನೆಲದ ಸಂಬಂಧವನ್ನು ಕಲ್ಪಿಸದೆ, 1753ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಾಣ ತೆತ್ತ ವಿಜ್ಞಾನಿ ರಿಖ್‌ಮನ್ನನ ಕಥೆ ನನಗೆ ಆಗ ನೆನಪಾಯಿತು, ಹೇಳಲಿಲ್ಲ.

ಗುಂಡಿಯನ್ನು ಹೊಸದಾಗಿ ಮಾಡಿಸಿ, ಮುಖ್ಯ ಬೋರ್ಡಿನಲ್ಲೊಂದು, ಪಂಪಿನ ಬಳಿಯ ಬೋರ್ಡಿನಲ್ಲೊಂದು ಪ್ರೊಟೆಕ್ಟರ್ ಕೂರಿಸಿದರು. ಅದರ ತಂತಿಗಳನ್ನು ಎಲ್ಲ ಸೇರಿ ಅರ್ಧ ಮೀಟರಿಗೆ ಮೀರದಂತೆ ಕತ್ತರಿಸಿದರು. ಉದ್ದನೆಯ ತಂತಿಯೇ ಉಬ್ಬರಕ್ಕೆ ಅಡ್ಡಿಯಂತೆ. ಕೊಳಕ್ಕೆ ಬೇರೊಂದು ಗುಂಡಿ ಬೇಡವೇ ಎಂದು ಮಾವನವರು ಕೇಳಿದುದಕ್ಕೆ ಅವರು ಒಪ್ಪಲಿಲ್ಲ. ಒಂದಕ್ಕೊಂದು ಸೇರದ ಎರಡು ಗುಂಡಿಗಳಿದ್ದರೆ ಅವೆರಡರ ನಡುವೆಯೇ ವೋಲ್ಟೇಜು ಏಳುತ್ತದೆ. ಆದುದರಿಂದ ಏಣಿ, ಕಂಬಿ, ಪಂಪಿನ ಮೈ, ಎಲ್ಲವನ್ನೂ ತಾಮ್ರದ ತಂತಿಯಿಂದ ಒಟ್ಟುಗೂಡಿಸಿ ಮನೆಯ ಅರ್ಥಿಂಗಿಗೇ ಸೇರಿಸಿದರು. ಪ್ರೊಟೆಕ್ಟರಿನ ಕಿಟಕಿ ಹಸಿರಿನಿಂದ ಕೆಂಪಿಗೆ ತಿರುಗಿದರೆ ಬದಲಾಯಿಸಬೇಕೆಂದೂ ಹೇಳಿದರು.

ಹೊರಡುವಾಗ ಅವರು ಆಡಿದ ಮಾತು ಬಿಲ್ಲಿಗಿಂತ ಬೆಲೆಯುಳ್ಳದು: “ಇದು ಯಂತ್ರ ಕಾಯುತ್ತೆ ಸ್ವಾಮಿ, ಮಕ್ಕಳನ್ನಲ್ಲ.” ವಿದ್ಯುತ್ ಸೋರಿಕೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇರೆ ಇರಬೇಕು. ಸಿಡಿಲಿಗಂತೂ ಅದೂ ಸಾಲದು. ಗುಡುಗು ಕೇಳಿದೊಡನೆ ನೀರಿನಿಂದ ಏಳುವುದೊಂದೇ ದಾರಿ. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಳೆಯದೆ ಮತ್ತೆ ಇಳಿಯಬಾರದು.

ಈ ವರ್ಷದ ಮೊದಲ ಮಳೆಯ ದಿನ ನಾನೂ ಅಲ್ಲಿದ್ದೆ. ದೂರದಲ್ಲಿ ಮೋಡ ಗುಡುಗುವ ಸೂಚನೆ ಕಂಡೊಡನೆಯೇ ಮಾವನವರು ಪಂಪಿನ ಸ್ವಿಚ್ಚನ್ನು ಆರಿಸಿಬಂದರು. ಮೊಮ್ಮಗಳು ಟವಲು ಸುತ್ತಿಕೊಂಡು ನಡುಮನೆಯ ಗಡಿಯಾರದ ಕೆಳಗೆ ಕುಳಿತಿದ್ದಳು. ಇಪ್ಪತ್ತೆಂಟನೆಯ ನಿಮಿಷಕ್ಕೆ ಮತ್ತೊಮ್ಮೆ ಗುಡುಗಿತು.

“ಮೊದಲಿನಿಂದ ಎಣಿಸಮ್ಮಾ” ಎಂದರು ಅತ್ತೆಯವರು, ಅಡಿಗೆಯ ಮನೆಯಿಂದಲೇ.