ಒಮಾರ್ಚಿ ಲಿನಕ್ಸ್: ಬಡಿಸುವವನು ಯಾರು?



2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ, "ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್ ಹಾಕೋಣ ಅಣ್ಣ?" ಅಂತ ನಮ್ಮ ಹುಡುಗರು ಕೇಳ್ತಾನೇ ಇದ್ದಾರೆ. ಕೆಲವರಿಗೆ ಒಮಾರ್ಚಿ ಹುಚ್ಚು ಹಿಡಿದಿದೆ. ಅದರ ಬಗ್ಗೆ ನನ್ನ ಅಭಿಪ್ರಾಯ ಇಷ್ಟು.

ಆರ್ಚ್ ಲಿನಕ್ಸ್ ಮೇಲೆ ಇದನ್ನು ಕಟ್ಟಿದವರು ಡೇವಿಡ್ ಹೈನೆಮಿಯರ್ ಹ್ಯಾನ್ಸನ್. ರೂಬಿ ಆನ್ ರೈಲ್ಸ್ ಮಾಡಿದ್ದೂ ಇವರೇ. ಹೆಸರಿನಲ್ಲಿರುವುದು ಜಪಾನಿನ 'ಒಮಾಕಾಸೆ': ಏನು ಬಡಿಸಬೇಕು ಅನ್ನೋದನ್ನು ಅಡುಗೆಯವರಿಗೇ ಬಿಡುವ ಊಟ. ಯಾವ ಬ್ರೌಸರ್, ಯಾವ ಎಡಿಟರ್, ಯಾವ ಕೀ ಒತ್ತಿದರೆ ಏನಾಗಬೇಕು, ಎಲ್ಲಾ ಮೊದಲೇ ತೀರ್ಮಾನ ಆಗಿರುತ್ತೆ.

ಒಳ್ಳೇದನ್ನು ಮೊದಲು ಹೇಳಬೇಕು. ಬರೀ ಆರ್ಚ್ ಹಾಕಿ, ಹೈಪರ್‌ಲ್ಯಾಂಡ್ ಕೂರಿಸಿ, ಒಂದೊಂದೇ ಸರಿಮಾಡೋಕೆ ಹೊಸಬರಿಗೆ ದಿನಗಟ್ಟಲೆ ಬೇಕು. ಇಲ್ಲಿ ಸ್ವಲ್ಪ ಹೊತ್ತಿನಲ್ಲೇ ಚೆಂದದ ಯಂತ್ರ ಸಿದ್ಧ. ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಕೆಲಸ ಸಾಗುತ್ತೆ. ಇಡೀ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ. ಆರಿಸಿಟ್ಟ ಲ್ಯಾಪ್‌ಟಾಪ್ ಕಳವಾದರೆ ಪಾಸ್‌ವರ್ಡ್ ಇಲ್ಲದೆ ಒಳಗಿನದ್ದು ಓದೋಕಾಗಲ್ಲ. ಆದರೆ ಇದನ್ನೇ ರಕ್ಷಾಕವಚ ಅಂದುಕೊಳ್ಳಬೇಡಿ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಕಂಪ್ಯೂಟರಿಗೆ ಕುತಂತ್ರಾಂಶ ನುಗ್ಗಿಸಿ ಫೈಲುಗಳನ್ನು ತುರುಕಲಾಗಿತ್ತು ಅಂತ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ಕೊಟ್ಟಿತ್ತು. ಆನ್ ಆಗಿರುವ ಯಂತ್ರಕ್ಕೆ ಹಾಗೆ ನುಗ್ಗುವವರನ್ನು ಎನ್‌ಕ್ರಿಪ್ಶನ್ ತಡೆಯಲ್ಲ.

ಇನ್ನು ಕೊರತೆಗಳು. ಕನ್ನಡ ಟೈಪಿಂಗ್ ಸಿದ್ಧವಾಗಿ ಬರಲ್ಲ. ಎಂ17ಎನ್ ಸೇರಿಸಿ ನಾವೇ ಕೆಜಿಪಿ ಕೀಲಿಮಣೆ ಹೊಂದಿಸ್ಕೋಬೇಕು. ಹಳೇ ನುಡಿ ಫಾಂಟಿನ ಅರ್ಜಿ, ಮನವಿಗಳನ್ನು ಯೂನಿಕೋಡ್‌ಗೆ ಬದಲಾಯಿಸದಿದ್ದರೆ ಗೊಜಲಾಗಿ ಕಾಣುತ್ತವೆ. ಮೆನು, ಕೈಪಿಡಿ ಎಲ್ಲಾ ಇಂಗ್ಲಿಷ್. ಆರ್ಚ್ ಆದ್ದರಿಂದ ಅಪ್‌ಡೇಟ್ ನಿಲ್ಲಲ್ಲ, ಮೊಬೈಲ್ ಡೇಟಾ ನಂಬಿದವರಿಗೆ ಅದೂ ಒಂದು ಖರ್ಚು. ಆದರೆ ಮಾಡಿದವರ ಕಂಪನಿಯ ಬೇಸ್‌ಕ್ಯಾಂಪ್, ಹೇ ಮಾತ್ರ ಕರೆಯದೇ ಬಂದು ಕೂತಿವೆ!

"ಸಾಫ್ಟ್‌ವೇರಿಗೆ ಜಾತಿ ಎಲ್ಲಿದೆ?" ಅಂತ ಕೇಳುವವರಿದ್ದಾರೆ. ಕೋಡಿಗೆ ಇಲ್ಲ, ನಿಜ. ಆದರೆ ಬಳಸುವವರು ಯಾರು ಅಂತ ಮನಸ್ಸಿನಲ್ಲಿಟ್ಟುಕೊಂಡೇ ಆಯ್ಕೆಗಳು ಆಗೋದು. ಹೊಸ ಲ್ಯಾಪ್‌ಟಾಪ್, ಒಳ್ಳೇ ಇಂಟರ್ನೆಟ್, ಇಂಗ್ಲಿಷ್ ಇರುವ ಡೆವಲಪರ್ ಅವರ ಮನಸ್ಸಿನಲ್ಲಿದ್ದ. ತಾಲ್ಲೂಕು ಕಚೇರಿಗೆ ಮನವಿ ಬರೆಯುವವರು ಇರಲಿಲ್ಲ.

ಇದೇ ಹ್ಯಾನ್ಸನ್ ಅವರ ಕಂಪನಿ 2021ರಲ್ಲಿ ಕೆಲಸದ ಖಾತೆಯಲ್ಲಿ ಸಮಾಜ, ರಾಜಕೀಯದ ಚರ್ಚೆ ಬೇಡ ಅಂತ ನಿಯಮ ತಂದಿತು. ಸುಮಾರು ಮೂರನೇ ಒಂದು ಭಾಗ ನೌಕರರು ಬಿಟ್ಟು ಹೋದರು. 2025ರಲ್ಲಿ ಲಂಡನ್ನಿನಲ್ಲಿ ಮೂಲ ಬ್ರಿಟಿಷರು ಕಡಿಮೆಯಾದರು ಅಂತ ಹಳಹಳಿಸಿ ಬರೆದರು. ಕೆಲಸದ ಜಾಗದಲ್ಲಿ ರಾಜಕೀಯ ಬೇಡ ಅನ್ನುವವರ ರಾಜಕೀಯ ಹೇಗಿರುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಂತ ಮುಟ್ಟಲೇಬೇಡಿ ಅಂತ ನಾನು ಹೇಳಲ್ಲ. ಮುಟ್ಟಬೇಡ ಅನ್ನೋ ಮಾತು ನಮ್ಮ ಬಾಯಲ್ಲಿ ಬರಬಾರದು. ಇದರ ಕೋಡ್ ಬಹಿರಂಗವಾಗಿದೆ, ಯಾರು ಬೇಕಾದರೂ ತಗೊಂಡು ತಿದ್ದಬಹುದು. ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರು ಹಾಕ್ಕೊಳ್ಳಿ, ಬಿಚ್ಚಿ ನೋಡಿ. ಹಾಕುವಾಗ ಡಿಸ್ಕ್ ಪೂರ್ತಿ ಅಳಿಸುತ್ತೆ, ಮೊದಲು ಬ್ಯಾಕಪ್ ತಗೊಳ್ಳಿ. ಸಂಘದ ಕಚೇರಿಯ ಹಳೇ ಯಂತ್ರಕ್ಕೆ ಮಾತ್ರ ಲಿನಕ್ಸ್ ಮಿಂಟ್ ಸಾಕು, ವಿಂಡೋಸ್ ಬಳಸಿದವರಿಗೆ ಕೈ ಬೇಗ ಹತ್ತುತ್ತೆ.

ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತಾರೆ. ಪಂಕ್ತಿಯಲ್ಲೇ ಕೂರಿಸದ ಜನ ನಾವು. ಬಡಿಸುವವನು ನಮ್ಮವನಾಗಲಿ ಅಂತ ಕಾಯೋದು ನಮಗಲ್ಲ. ಕನ್ನಡ ಫಾಂಟು, ಕೆಜಿಪಿ ಕೀಲಿಮಣೆ, ಲಿಬ್ರೆಆಫೀಸ್, ಆರ್‌ಟಿಐ ಅರ್ಜಿ ನಮೂನೆ ಎಲ್ಲಾ ಒಂದೇ ಸಲಕ್ಕೆ ಕೂರಿಸುವ ಸಣ್ಣ ಸ್ಕ್ರಿಪ್ಟ್ ಬರೆಯೋಣ. ಒಬ್ಬ ಮನುಷ್ಯ ತನ್ನ ಅಭಿರುಚಿಯನ್ನೇ ಒಂದು ವ್ಯವಸ್ಥೆಯಾಗಿ ಹಂಚಬಹುದಾದರೆ, ಒಂದು ಚಳವಳಿ ತನ್ನ ಅಗತ್ಯವನ್ನು ಯಾಕೆ ಹಂಚಬಾರದು? ಕೋಡ್ ಬರೋರು ಕಾಮೆಂಟಿನಲ್ಲಿ ಕೈ ಎತ್ತಿ.